ಕರ್ನಲ್ ಭಾವ ಇನ್ನೊಬ್ಬರ ಮೆಮೊರಿಗೆ ಕೈ ಹಾಕಿದ್ದು

ನಮ್ಮ ಭಾವನಿಗೆ ಒಂದು ಪ್ರಶ್ನೆ ಕೇಳಿ ನೆಟ್ಟಗೆ ಉತ್ತರ ಪಡೆದವರು ಯಾರಾದರೂ ಇದ್ದರೆ ಅವರಿಗೊಂದು ದೊಡ್ಡ ನಮಸ್ಕಾರ. "ಊಟ ಆಯ್ತಾ ಭಾವ?" ಎಂದರೆ, "ಊಟ ಅಂದ್ರೆ ಯಾವ್ದು? ಬೆಳಗ್ಗೆ ತಡವಾಗಿ ತಿಂದಿದ್ದನ್ನ ತಿಂಡಿ ಅಂತೀಯೋ, ಊಟ ಅಂತೀಯೋ?" ಎಂದು ಶುರು ಮಾಡುತ್ತಾರೆ. ಅವರು ಮುಗಿಸುವಷ್ಟರಲ್ಲಿ ಬಡಿಸಲು ಹಿಡಿದ ಸೌಟು ಕೈಯಲ್ಲೇ ತಣ್ಣಗಾಗಿರುತ್ತದೆ. ಅಕ್ಕ ಈ ಮನುಷ್ಯನ ಜೊತೆ ಇಷ್ಟು ವರ್ಷ ಹೇಗೆ ಬಾಳಿದಳೋ ದೇವರಿಗೇ ಗೊತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಜನರಿಗೆ "ಇದು ಸ್ಪಷ್ಟವಾ, ಅದು ಸ್ಪಷ್ಟವಾ" ಎಂದು ಕೇಳಿ ಕೇಳಿ ಅವಳಿಗೆ ತಾಳ್ಮೆ ಬೆಳೆದಿದೆ. ನನಗೆ ಬೆಳೆದಿಲ್ಲ.

ಅವರ ಕೆಲಸದ ಹೆಸರಿನಿಂದಲೇ ತಾಪತ್ರಯ ಶುರು. ಅಕ್ಕನ ಮದುವೆ ಮಾತುಕತೆಯ ದಿನ ಅಮ್ಮ, "ಏನು ಕೆಲಸ ಮಾಡ್ತೀರಪ್ಪ?" ಎಂದು ಕೇಳಿದಳು. "ಕರ್ನೆಲ್‌ನಲ್ಲಿ" ಎಂದರು. ಅಮ್ಮನ ಕಿವಿಗೆ ಬಿದ್ದದ್ದು ಕರ್ನಲ್. ಎಲ್ಲದಕ್ಕೂ ಮಾರುದ್ದ ವಿವರಣೆ ಕೊಡುವ ಮನುಷ್ಯ ಅವತ್ತೊಂದು ದಿನ ಒಂದೇ ಮಾತಲ್ಲಿ ಉತ್ತರ ಮುಗಿಸಿ ಸುಮ್ಮನಾಗಿದ್ದರು. ಅಮ್ಮ ಬೀದಿಗೆಲ್ಲ ಅಳಿಯನದು ಮಿಲಿಟರಿಯಲ್ಲಿ ದೊಡ್ಡ ಹುದ್ದೆ ಎಂದು ಸಾರಿಕೊಂಡು ಬಂದಳು. ಎದುರು ಮನೆಯ ನಿವೃತ್ತ ಸಿಪಾಯಿ, ಮದುವೆಯಾದ ಹೊಸದರಲ್ಲಿ, ಭಾವನನ್ನು ಕಂಡು ಸೆಲ್ಯೂಟ್ ಹೊಡೆದರು. ಭಾವ ಗಾಬರಿಯಲ್ಲಿ ಕೈಯಲ್ಲಿದ್ದ ಛತ್ರಿ ಸಮೇತ ತಿರುಗಿ ಹೊಡೆದರು. ಸಿಪಾಯಿ ಇವತ್ತಿಗೂ ಅವರನ್ನು ಮಾತಾಡಿಸುವುದಿಲ್ಲ. ಹೆಸರು ಮಾತ್ರ ಅಂಟಿಕೊಂಡು ಉಳಿಯಿತು.

ನಿಜದಲ್ಲಿ ಅವರದು ಕಂಪ್ಯೂಟರ್ ಕೆಲಸ. ನಾವು ತೆರೆಯುವ ಪ್ರೋಗ್ರಾಮುಗಳೆಲ್ಲ ಮೇಲಿನ ಮಹಡಿಯ ಬಾಡಿಗೆದಾರರು ಎಂದುಕೊಳ್ಳಿ. ಕೆಳಗೆ ಅವರಿಗೆಲ್ಲ ನೀರು, ಬೆಳಕು, ಜಾಗ ಹಂಚಿಕೊಡುವ ಒಂದು ಮೂಲ ಪ್ರೋಗ್ರಾಮು ಕೂತಿರುತ್ತದೆ. ಅದೇ ಕರ್ನೆಲ್. ಲಿಫ್ಟುಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ಭಾವ ಆ ಕರ್ನೆಲ್‌ನೊಳಗೆ ಗೋಡೆ ಕಾಯುತ್ತಾರೆ. ಒಂದು ಪ್ರೋಗ್ರಾಮಿನ ಮೆಮೊರಿಯನ್ನು ಇನ್ನೊಂದು ಓದದಂತೆ, ಮುಟ್ಟದಂತೆ ನೋಡಿಕೊಳ್ಳುವುದೇ ಅವರ ಹೊಟ್ಟೆಪಾಡು. ಅದು ತಲೆಗೇರಿ ಮನೆಯಲ್ಲೂ ಹಾಗೇ ಆಗಿಬಿಟ್ಟಿದ್ದಾರೆ. ಅಕ್ಕನ ಕೈಚೀಲದಿಂದ ಬೀಗದ ಕೈ ತೆಗೆದುಕೊಳ್ಳಿ ಎಂದರೆ ಚೀಲವನ್ನೇ ತಂದು ಅವಳ ಮುಂದೆ ಹಿಡಿಯುತ್ತಾರೆ. ಅರ್ಧ ತೆರೆದಿರುವ ಬಾಗಿಲನ್ನೂ ತಟ್ಟಿ, "ಬರಬಹುದಾ?" ಎಂದು ಕೇಳಿ, ಉತ್ತರ ಬರುವ ತನಕ ಹೊರಗೇ ನಿಲ್ಲುತ್ತಾರೆ. ಅದು ಅವರದೇ ಮಲಗುವ ಕೋಣೆಯಾದರೂ ಅಷ್ಟೇ.

ಅವರು, ಅಕ್ಕ ಮೇಲಿನ ಮನೆಯಲ್ಲಿ. ನಾನು, ಅಮ್ಮ ಕೆಳಗಿನ ಮನೆಯಲ್ಲಿ. ಅಮ್ಮ ತನ್ನ ಕಾಲವನ್ನೆಲ್ಲ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕಳೆದವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ವಿಚಾರಣೆ ಕಚೇರಿಯಲ್ಲಿ ಅಳುತ್ತಿದೆ, ಎಲ್ಲವನ್ನೂ ಊರಿಗೆ ಹೇಳುತ್ತಿದ್ದದ್ದು ಅವಳ ಗಂಟಲು. ನಿವೃತ್ತಿಯಾದ ಮೇಲೂ ಆ ಧಾಟಿ ಹೋಗಲಿಲ್ಲ. "ಕಾಫಿ ಸಿದ್ಧವಾಗಿದೆ, ದಯವಿಟ್ಟು ಗಮನಿಸಿ" ಎನ್ನುವಳು. ನಾನು ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ಬಂದ ಹಸ್ತಪ್ರತಿ ಟೈಪ್ ಮಾಡು, ಪುಟ ಕಟ್ಟು, ತಪ್ಪು ತಿದ್ದು, ಅಷ್ಟೇ ಬದುಕು. ಪುಸ್ತಕದ ಸೀಸನ್ನಿನಲ್ಲಿ ಮನೆಗೂ ಕೆಲಸ ತರುವುದುಂಟು. ಅದಕ್ಕೆಂದೇ ಮನೆಯಲ್ಲೊಂದು ಹಳೆಯ ಕಂಪ್ಯೂಟರ್ ಇದೆ, ನಮ್ಮ ಪ್ರೆಸ್ಸಿನ ಮಾತಲ್ಲಿ ಮಿಷನ್.

ಅಮ್ಮನಿಗೆ ತನ್ನ ಕಥೆ ಬರೆಸಬೇಕೆಂಬ ಆಸೆ ಹುಟ್ಟಿತು. ಅವಳು ಹೇಳುವುದು, ನಾನು ಟೈಪ್ ಮಾಡುವುದು. ಕಾಮ, ಫುಲ್‌ಸ್ಟಾಪ್ ಎಲ್ಲವನ್ನೂ ಅವಳೇ ಹೇಳುತ್ತಿದ್ದಳು. ನನ್ನಂಥವರು ಟೈಪ್ ಮಾಡುವುದನ್ನು ನೋಡಿಲ್ಲದವರಿಗೆ ಒಂದು ಮಾತು ಹೇಳಬೇಕು. ಕಿವಿಗೆ ಬಿದ್ದದ್ದು ನೇರ ಬೆರಳಿಗೆ ಇಳಿಯುತ್ತದೆ, ನಡುವೆ ತಲೆಯ ಹತ್ತಿರ ನಿಲ್ಲುವುದೇ ಇಲ್ಲ. ಇಡೀ ಪುಸ್ತಕ ಟೈಪ್ ಮಾಡಿ ಮುಗಿಸಿದ ಮೇಲೆ ಅದು ಕಾದಂಬರಿಯೋ ತೆರಿಗೆ ಕಾನೂನೋ ಎಂದು ಕೇಳಿದರೆ ನಾವು ಮುಖಪುಟ ನೋಡಿ ಹೇಳಬೇಕು.

ಅವತ್ತು ಮಧ್ಯಾಹ್ನ ಅಮ್ಮ ನಿಲ್ಲಿಸದೆ ಹೇಳುತ್ತಾ ಹೋದಳು. ಚಿಕ್ಕಂದಿನಲ್ಲಿ ತನಗೆ ಉಗ್ಗು ಇತ್ತು ಎಂಬ ಮಾತು ಬಂತು. ನಮಗ್ಯಾರಿಗೂ ಗೊತ್ತಿರದ ಸುದ್ದಿ. ಊರಿಗೆಲ್ಲ ಬಸ್ಸು ಕೂಗಿ ಹೇಳಿದವಳಿಗೆ ಉಗ್ಗೇ ಎಂದು ನಾನು ಒಂದು ಗಳಿಗೆ ತಲೆಯೆತ್ತಿದ್ದೆ. ಅದನ್ನು ಹೇಗೆ ಗೆದ್ದೆ ಎಂದೂ ಅವಳು ಹೇಳಿದಳು. ಆ ಹೊತ್ತಿಗೆ ನನ್ನ ಬೆರಳು ಮತ್ತೆ ಓಟಕ್ಕೆ ಬಿದ್ದಿತ್ತು. ನಡುವೆ ಒಮ್ಮೆ "ಅಳಿಸು, ಅಳಿಸು ಅದನ್ನ" ಎಂದಳು, ಅಳಿಸಿದೆ. ಮುಂದೆ ಹೋದಂತೆ ಅವಳ ಮಾತು ಅಡ್ಡಾದಿಡ್ಡಿಯಾಯಿತು. "ಮೈಕು, ಚಮಚ, ಬಾಗಿಲು ಹೊರಡಲಿದೆ." ಬೆರಳು ಅದನ್ನೂ ಟೈಪ್ ಮಾಡಿತು. ಲೋಟ ನೆಲಕ್ಕೆ ಬಿದ್ದ ಸದ್ದಿಗೆ ನಾನು ತಿರುಗಿ ನೋಡಿದಾಗ ಅಮ್ಮನ ಬಾಯಿ ಒಂದು ಕಡೆಗೆ ಜಾರಿತ್ತು.

ಎದ್ದೆ. ಎದ್ದವಳು ಮಿಷನ್ನಿಗೆ ಚುಚ್ಚಿದ್ದ ಡಾಂಗಲ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಮ್ಮ ಟೈಪಿಂಗ್ ಪ್ರೋಗ್ರಾಮಿಗೆ ಅದೇ ಬೀಗದ ಕೈ. ಆ ಕಡ್ಡಿ ಚುಚ್ಚಿರದಿದ್ದರೆ ಪ್ರೋಗ್ರಾಮು ಕೆಲಸ ಮಾಡುವುದಿಲ್ಲ. ಪ್ರೆಸ್ಸಿನಲ್ಲಿ ಎಲ್ಲರಿಗೂ ಸೇರಿ ಇರುವುದೊಂದೇ ಡಾಂಗಲ್, ಮನೆಗೆ ಕೆಲಸ ತಂದರೆ ಅದೂ ಜೊತೆಗೆ ಬರುತ್ತದೆ. ಹಾಗಾಗಿ ನೀರು ಕುಡಿಯಲು ಎದ್ದರೂ ಕಿತ್ತುಕೊಂಡು ಏಳುವುದು ಕೈಗೆ ಅಂಟಿದ ಚಾಳಿ. ಮನೆಗೆ ಬೆಂಕಿ ಬಿದ್ದರೂ ಡಿಟಿಪಿಯವಳು ಮೊದಲು ಡಾಂಗಲ್ ಕೀಳುತ್ತಾಳೆ. ಸೇವ್ ಮಾಡಿದೆಯಾ ಎಂದು ಕೇಳಬೇಡಿ. ಮಾತು ನಿಂತಾಗ ಸೇವ್ ಮಾಡುವುದು ನನ್ನ ಪದ್ಧತಿ. ಅಮ್ಮ ನಿಲ್ಲಿಸಿರಲಿಲ್ಲ.

ಪಾರ್ಶ್ವವಾಯು ಎಂದರು ಡಾಕ್ಟರು. ಆಸ್ಪತ್ರೆಯಿಂದ ಅಮ್ಮ ಮನೆಗೆ ಬಂದಳು. ಕಾಲು ಬಂತು, ಬಲಗೈ ಅರ್ಧ ಬಂತು, ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ತಲೆ ಆಡಿಸುತ್ತಾಳೆ, ಸಿಟ್ಟು ಮಾಡುತ್ತಾಳೆ. ಬಾಯಿ ತೆರೆದರೆ ಬರೀ ಗಾಳಿ. ಮಾತು ಕಲಿಸಲು ಮನೆಗೆ ಬರುತ್ತಿದ್ದ ಥೆರಪಿಸ್ಟ್ ಮೇಡಂಗೆ ನಾನು ಉಗ್ಗಿನ ಸಂಗತಿ ಹೇಳಿದೆ. ಅವರು ಕುರ್ಚಿಯಲ್ಲಿ ನೆಟ್ಟಗಾದರು.

"ಉಗ್ಗು ಬೇರೆ, ಇದು ಬೇರೆ. ಆದ್ರೂ ಒಂದು ಸಲ ನಾಲಿಗೆ ಪಳಗಿಸ್ಕೊಂಡ ದಾರಿ ಅವರಿಗೆ ಗೊತ್ತಿದೆ ಅಂದ್ರೆ ನನಗೆ ಅದು ಬೇಕು. ಏನು ಮಾಡ್ತಿದ್ರಂತೆ?"

"ಗೊತ್ತಿಲ್ಲ ಮೇಡಂ."

"ನೀವೇ ಅಲ್ವಾ ಬರ್ಕೊಂಡಿದ್ದು?"

"ಟೈಪ್ ಮಾಡಿದ್ದು ನಾನೇ. ನೆನಪಿಲ್ಲ."

ಅವರು ನನ್ನನ್ನು ನೋಡಿದ ನೋಟಕ್ಕೆ ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಆ ಮಾತುಗಳು ಇನ್ನು ಇದ್ದದ್ದು ಎರಡೇ ಕಡೆ. ಒಂದು ಅಮ್ಮನ ತಲೆ. ಅಲ್ಲಿಂದ ಹೊರಗೆ ದಾರಿಯಿಲ್ಲ. ಇನ್ನೊಂದು ನನ್ನ ಕೋಣೆಯ ಮಿಷನ್.

ಮಿಷನ್ ಇನ್ನೂ ಓಡುತ್ತಿತ್ತು. ಅದರ ಪುಣ್ಯ ಭಾವನಿಗೆ ಸೇರಬೇಕು, ಒಪ್ಪುತ್ತೇನೆ. ಆಸ್ಪತ್ರೆಯ ಗದ್ದಲದಲ್ಲೂ ಅವರು, "ಮಿಷನ್ ಆಫ್ ಮಾಡಿಲ್ಲ ತಾನೇ? ಮಾಡ್ಬೇಡ" ಎಂದು ಹೇಳಿ, ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ ಬಂದಿದ್ದರು. ಡಾಂಗಲ್ ಕಿತ್ತದ್ದಕ್ಕೆ ಪ್ರೋಗ್ರಾಮು ಮುನಿಸಿಕೊಂಡು ಪರದೆಯನ್ನೆಲ್ಲ ಬಿಳಿ ಮಾಡಿ ಕೂತಿತ್ತು. ತಿರುಗಿ ಚುಚ್ಚಿದರೂ ಜಪ್ಪಯ್ಯ ಅನ್ನಲಿಲ್ಲ. ಆದರೆ ಅದು ಇನ್ನೂ ಸತ್ತಿರಲಿಲ್ಲ, ಹಾಗಾಗಿ ನಾನು ಟೈಪ್ ಮಾಡಿದ್ದೆಲ್ಲ ಅದರ ಮೆಮೊರಿಯಲ್ಲಿ ಹಾಗೇ ಇತ್ತು.

"ಮತ್ತೇನು, ಹೊರಗೆ ತೆಗೀರಿ" ಎಂದೆ.

"ಅಷ್ಟು ಸುಲಭ ಅಲ್ಲ. ಕಳ್ಳರು ಕಾಪಿ ಮಾಡ್ಬಾರ್ದು ಅಂತ ಈ ಪ್ರೋಗ್ರಾಮು ಎಲ್ಲ ಬಾಗಿಲೂ ಹಾಕ್ಕೊಂಡಿದೆ. ಬೇರೆ ಪ್ರೋಗ್ರಾಮು ಬಂದು ಇಣುಕೋಕೆ ಬಿಡಲ್ಲ. ಕೆಳಗಿಂದ ಹೋಗ್ಬೇಕು, ಕರ್ನೆಲ್‌ನಿಂದ. ಅದಕ್ಕೆ ಕರ್ನೆಲ್ ಒಳಗೇ ಸೇರ್ಕೊಳ್ಳೋ ಒಂದು ತುಣುಕು, ಮಾಡ್ಯೂಲ್ ಅಂತ, ಬರೀಬೇಕು."

"ಬರೀರಿ."

"ಬರೀಬಹುದು. ಆದ್ರೆ ಬರೀಬೇಕಾ ಅನ್ನೋದು ಪ್ರಶ್ನೆ. ಒಂದು ಪ್ರೋಗ್ರಾಮಿನ ಮೆಮೊರಿ ಇನ್ನೊಬ್ರು ಓದೋದು ತಪ್ಪು. ಅದನ್ನ ತಡೆಯೋದೇ ನನ್ನ ಕೆಲಸ."

ನನಗೆ ಪಿತ್ತ ನೆತ್ತಿಗೇರಿತು. "ಭಾವ, ಅದರೊಳಗಿರೋದು ನಮ್ಮಮ್ಮನ ಮಾತು. ಬ್ಯಾಂಕಿನ ತಿಜೋರಿ ಅಲ್ಲ!"

"ಅದಕ್ಕೇ ಹೇಳ್ತಿರೋದು. ನಿಮ್ಮಮ್ಮನ ಮಾತು. ನಿನ್ನದಲ್ಲ, ನನ್ನದೂ ಅಲ್ಲ."

ಹೇಳಿ, ಅವರು ಏನು ಮಾಡಿದರು ಗೊತ್ತೇ? ಹೋಗಿ ಅಮ್ಮನ ಕೋಣೆಯ ಬಾಗಿಲು ತಟ್ಟಿದರು. "ಬರಬಹುದಾ ಅತ್ತೆ?" ಎಂದರು. ಮಾತೇ ಇಲ್ಲದವಳು ಒಳಗಿಂದ ಏನೆಂದು ಉತ್ತರ ಕೊಡಬೇಕು? ಅವರು ನಿಂತರು. ನಾನು ಹಿಂದಿನಿಂದ ಹಲ್ಲು ಕಚ್ಚಿಕೊಂಡು ನಿಂತೆ. ಕೊನೆಗೆ ಅಮ್ಮ ಒಳಗಿನಿಂದ ಚಮಚದಲ್ಲಿ ಮಂಚದ ಕಂಬಿಗೆ ಕಟಕಟ ಬಡಿದಳು. ಆಮೇಲೆ ಒಳಗೆ ಹೋದರು.

"ಅತ್ತೆ, ನೀವು ಹೇಳಿ ಬರೆಸಿದ್ದನ್ನ ಮಿಷನ್ ಮೆಮೊರಿಯಿಂದ ತೆಗೆಯೋಣ ಅಂತ ಇದ್ದೀವಿ. ನೀವು ಅಳಿಸು ಅಂದಿದ್ದೂ ಅದರೊಳಗೆ ಇರುತ್ತೆ. ಅಳಿಸಿದ್ದನ್ನೂ ಪ್ರೋಗ್ರಾಮು ಒಂದು ಮೂಲೇಲಿ ಇಟ್ಕೊಂಡಿರುತ್ತೆ, ತಿರುಗಿ ಬೇಕಾದ್ರೆ ಅಂತ. ಅದು ನನ್ನ ಕಣ್ಣಿಗೆ ಬೀಳಬಹುದು. ಓದಲ್ಲ, ಯಾರಿಗೂ ತೋರಿಸಲ್ಲ. ಆಗಬಹುದಾ?"

ಅಮ್ಮ ಬಹಳ ಹೊತ್ತು ಅವರ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಆಮೇಲೆ ಹೂಂ ಎಂದು ತಲೆಯಾಡಿಸಿದಳು. ಭಾವನ ಬಗ್ಗೆ ಏನೋ ಬೈದು ಅಳಿಸಿರಬೇಕು, ಅದಕ್ಕೇ ಮುಜುಗರ ಎಂದು ನಾನು ಲೆಕ್ಕ ಹಾಕಿದೆ. ಅಮ್ಮ ಅವರನ್ನು ಎದುರಿಗೆ "ಅಳಿಯಂದ್ರೇ" ಎನ್ನುತ್ತಿದ್ದಳೇ ವಿನಾ, ಹಿಂದೆ "ಈ ಮನುಷ್ಯನಿಗೆ ನಿಲ್ದಾಣವೇ ಇಲ್ಲ" ಎಂದು ಆಡಿಕೊಳ್ಳುತ್ತಿದ್ದಳು.

ಇನ್ನು ಮುಂದೆ ಅನುಭವಿಸಿದ್ದು ನರಕ. ಅವರು ರಜೆ ಹಾಕಿ ಬಂದು ಕೂತರು, ನಿಜ. ಆದರೆ ನಮ್ಮ ಮಿಷನ್ ಮುಟ್ಟಲಿಲ್ಲ. ಪ್ರೆಸ್ಸಿನಿಂದ ಅಂಥದೇ ಇನ್ನೊಂದು ಮಿಷನ್ ತರಿಸಿದರು. ಅದನ್ನು ನನ್ನ ಇಸ್ತ್ರಿ ಮೇಜಿನ ಮೇಲೆ ಇಟ್ಟರು. ನನ್ನ ಬಟ್ಟೆಗಳೆಲ್ಲ ಸುಕ್ಕಾಗಿ ಬಿದ್ದವು.

"ಮೇಲಿನ ಪ್ರೋಗ್ರಾಮು ತಪ್ಪು ಮಾಡಿದ್ರೆ ಅದೊಂದೇ ಬೀಳುತ್ತೆ. ಕರ್ನೆಲ್‌ನೊಳಗೆ ನಾನು ತಪ್ಪು ಮಾಡಿದ್ರೆ ಇಡೀ ಮಿಷನ್ ಬೀಳುತ್ತೆ. ಬಿದ್ರೆ ಮೆಮೊರಿ ಖಾಲಿ. ಅತ್ತೆ ಮಾತು ಹೋಯ್ತು. ಅದಕ್ಕೆ ಇಲ್ಲಿ ಬೀಳಿಸಿ ಬೀಳಿಸಿ ನೋಡ್ತೀನಿ."

ಬೀಳಿಸಿಯೇ ಬೀಳಿಸಿದರು. ಆ ಮಿಷನ್ ಕಪ್ಪಗಾಗಿ ಸಾಯುತ್ತಿತ್ತು, ಇವರು ಹುಬ್ಬೇರಿಸಿ, "ನೋಡಿದ್ಯಾ? ಇದು ಅದಾಗಿದ್ರೆ ಹೋಗ್ತಿತ್ತು" ಎಂದು ತೃಪ್ತಿಯಿಂದ ತಲೆಯಾಡಿಸುತ್ತಿದ್ದರು. ಸಂತೋಷಪಡಬೇಕೋ ಅಳಬೇಕೋ ನಮಗೆ ತಿಳಿಯುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮೇಡಂ ಅಮ್ಮನಿಗೆ ಚಿತ್ರ ತೋರಿಸಿ "ಬೆ-ಕ್ಕು, ಬೆ-ಕ್ಕು" ಎನ್ನುತ್ತಿದ್ದರು. ಅಮ್ಮ ಚಿತ್ರವನ್ನು ತಳ್ಳಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಹೀಗೇ ಮುಖ ತಿರುಗಿಸುತ್ತಾ ಹೋದರೆ ತಿಂಗಳುಗಳು ಕಳೆದ ಹಾಗೆ ಕಷ್ಟ ಹೆಚ್ಚು ಎಂದು ಮೇಡಂ ಅಕ್ಕನ ಹತ್ತಿರ ಬಾಗಿಲ ಸಂದಿಯಲ್ಲಿ ಹೇಳಿ ಹೋದರು.

ಒಂದು ದಿನ ಭಾವ, "ಬಾ, ಬಾ, ಓದ್ತಾ ಇದೆ!" ಎಂದು ಕೂಗಿದರು. ಓಡಿ ಹೋದೆ. ಪರೀಕ್ಷೆಗೆಂದು ಆ ಮಿಷನ್ನಿನ ಟೈಪಿಂಗ್ ಪ್ರೋಗ್ರಾಮಿನಲ್ಲಿ ನಾನು ಯಾವುದೋ ಲಗ್ನಪತ್ರಿಕೆಯ ಒಕ್ಕಣೆ ಹೊಡೆದಿಟ್ಟಿದ್ದೆ. ಪರದೆಯ ಮೇಲೆ ಲಗ್ನವೂ ಇಲ್ಲ, ಪತ್ರಿಕೆಯೂ ಇಲ್ಲ. 'ಯಾವ ಪ್ರೋಗ್ರಾಮನ್ನು ಓದಬೇಕೋ ಅದರ ಸಂಖ್ಯೆ ಕೊಡಿ' ಎಂಬ ಸಾಲು ಇತ್ತು.

"ಇದು ನೀವೇ ಬರ್ದಿದ್ದಲ್ವಾ ಭಾವ?"

ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಪ್ರತಿ ಪ್ರೋಗ್ರಾಮಿಗೂ ಮೆಮೊರಿಯ ಮನೆ ನಂಬರುಗಳು ಒಂದೇ ಥರ ಇರುತ್ತವಂತೆ. ಇದರ ನೂರನೇ ಮನೆ ಬೇರೆ, ಅದರ ನೂರನೇ ಮನೆ ಬೇರೆ. ಯಾರ ನಂಬರು ನಿಜವಾಗಿ ಎಲ್ಲಿದೆ ಎಂಬ ನಕ್ಷೆ ಕರ್ನೆಲ್ ಹತ್ತಿರ ಇರುತ್ತದಂತೆ. ಇವರು ನಂಬರು ಸರಿಯಾಗಿ ಕೊಟ್ಟು ನಕ್ಷೆ ಬದಲಿಸುವುದನ್ನು ಮರೆತಿದ್ದರು. ನಂಬರು ಹಿಡಿದು ಹೊರಟವರು ತಮ್ಮ ಮನೆಯ ಬಾಗಿಲನ್ನೇ ತಟ್ಟಿ ತಮ್ಮ ಕಾಗದವನ್ನೇ ಓದಿಕೊಂಡು ಬಂದಿದ್ದರು. ಜೀವನವೆಲ್ಲ ಪರರ ಮನೆಗೆ ಇಣುಕದವರು ಇಣುಕಲು ಹೋದರೆ ಇನ್ನೇನಾಗುತ್ತದೆ?

"ನಕ್ಷೆ ಬದಲಿಸಿದ್ರೂ ಪುಟಗಳು ಚೆಲ್ಲಾಪಿಲ್ಲಿ ಇರ್ತವೆ. ಒಂದೊಂದೇ ಪುಟ ಹಿಡೀಬೇಕು" ಎಂದರು.

"ಪುಟ ಕಟ್ಟೋದು ನನ್ನ ಕೆಲಸ. ನೀವು ತೆಗ್ದುಕೊಡಿ ಸಾಕು."

"ನಿನ್ನ ಪುಟ ಬೇರೆ, ನನ್ನ ಪುಟ ಬೇರೆ" ಎಂದು ಅದಕ್ಕೂ ಪಾಠ ಶುರು ಮಾಡಿದರು. ನಾನು ಹಣೆ ಚಚ್ಚಿಕೊಂಡು ಅಡುಗೆಮನೆಗೆ ಹೋದೆ.

ನಕ್ಷೆ ತಿದ್ದಿದ ಮೇಲೂ ಭಾವ ಬೀಳಿಸಿ ನೋಡುತ್ತಲೇ ಇದ್ದರು. ಕಾಲ ಕೂಡಿ ಬಂದದ್ದು ಕರೆಂಟು ಹೋದಾಗ. ನಟ್ಟ ನಡು ಮಧ್ಯಾಹ್ನ, ಅಕ್ಕನಿಗೆ ರಜೆ, ಎಲ್ಲರೂ ಮನೆಯಲ್ಲೇ. ಫ್ಯಾನು ನಿಂತಿತು, ಮೇಜಿನ ಕೆಳಗಿನ ಯುಪಿಎಸ್ಸು ಕುಂಯ್ ಎಂದು ಶುರು ಮಾಡಿತು. ಹಿಂದೆಯೂ ಹೋಗಿತ್ತು, ಬೇಗ ಬಂದಿತ್ತು. ಈ ಸಲ ಬರಲಿಲ್ಲ. ಅಕ್ಕ ಫೋನ್ ಮಾಡಿ ಕೇಳಿದರೆ ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದರು. ಬ್ಯಾಟರಿ ಇಳಿದ ಹಾಗೆ ಯುಪಿಎಸ್ಸಿನ ಕೂಗು ಹತ್ತಿರ ಹತ್ತಿರವಾಯಿತು.

"ಈಗ ನಮ್ಮ ಮಿಷನ್ನಿಗೆ ಹಾಕಿ ಭಾವ!"

"ಇರು, ಇನ್ನೊಂದು ಸಲ ಓದ್ಕೊಂಡ್ಬಿಡ್ತೀನಿ."

"ಏನನ್ನ?"

"ನಾನು ಬರ್ದಿದ್ದನ್ನ. ಆ ಪುಟ ಇಲ್ದೇ ಹೋದ್ರೆ ಏನಾಗುತ್ತೆ ಅನ್ನೋದು..."

"ರೀ," ಎಂದಳು ಅಕ್ಕ. ಅವಳು ದನಿ ಏರಿಸಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. "ಏನಾಗುತ್ತೋ ಆಗ್ಲಿ. ಒತ್ರೀ!"

ಭಾವ ಒತ್ತಲಿಲ್ಲ. ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಯುಪಿಎಸ್ಸು ಅರಚುತ್ತಿತ್ತು, ಈ ಮಹಾನುಭಾವ ಓದುತ್ತಿದ್ದರು. ಒಂದು ಕಡೆ ಬೆರಳು ನಿಂತಿತು. ಏನೋ ಒಂದು ಸಾಲು ಸೇರಿಸಿದರು. "ಇದಿಲ್ದೇ ಒತ್ತಿದ್ರೆ ಬೀಳ್ತಿತ್ತು" ಎಂದು ತಮಗೇ ಹೇಳಿಕೊಂಡು, ಆಮೇಲೆ ಒತ್ತಿದರು. ನಮ್ಮ ಮಿಷನ್ ಬೀಳಲಿಲ್ಲ. ಅದಕ್ಕೆ ಚುಚ್ಚಿದ್ದ ಪೆನ್‌ಡ್ರೈವಿನ ಸಣ್ಣ ದೀಪ ಮಿನುಗುತ್ತಾ ಹೋಯಿತು. ಅದು ನಿಂತಿತು, ಭಾವ ಪೆನ್‌ಡ್ರೈವ್ ತೆಗೆದು ಕಿಸೆಗೆ ಹಾಕಿಕೊಂಡರು. ಯುಪಿಎಸ್ಸು ಕೊನೆಯದಾಗಿ ಒಮ್ಮೆ ಕೂಗಿ ಬಾಯಿ ಮುಚ್ಚಿತು. ಪರದೆ ಆರಿತು.

ಅವರ ಆಫೀಸಿನ ಲ್ಯಾಪ್‌ಟಾಪಿನಲ್ಲಿ ತೆಗೆದು ನೋಡಿದೆವು. ನಮ್ಮ ಭಾಷೆಯ ಅಕ್ಷರ ಎಲ್ಲಿದ್ದರೂ ಹುಡುಕಿ ಕೊಡುವಂತೆ ಭಾವ ಮೊದಲೇ ಒಂದು ಪ್ರೋಗ್ರಾಮು ಬರೆದಿಟ್ಟಿದ್ದರು. ಅದು ಓಡಿತು. ಸಿಕ್ಕಿದ್ದು ಸೊನ್ನೆ. ಮತ್ತೆ ಓಡಿಸಿದರು, ಸೊನ್ನೆ. 'ಅ' ಸಹ ಇಲ್ಲ.

"ಇಲ್ಲ" ಎಂದರು ಭಾವ. ಅವರ ಜನ್ಮದಲ್ಲಿ ಎರಡನೇ ಸಲ ಒಂದೇ ಪದದ ಉತ್ತರ. ಅಕ್ಕ ನೆಲದ ಮೇಲೆ ಕೂತುಬಿಟ್ಟಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ರಜೆ ಹಾಕಿ ಇಷ್ಟು ದಿನ ಏನು ಕಡಿದು ಕಟ್ಟೆ ಹಾಕಿದಿರಿ, ಅತ್ತೆಯ ಬಾಗಿಲು ತಟ್ಟುವುದೇ ಕೆಲಸವಾಯಿತಲ್ಲ, ಎಂದೆಲ್ಲ. ಅವರು ಮೆಮೊರಿಯಿಂದ ತಂದಿದ್ದ ಕಸದ ರಾಶಿಯನ್ನು ಪರದೆಯ ಮೇಲೆ ಉರುಳಿಸುತ್ತಾ ಕೂತರು. ಅಕ್ಕ ಕಣ್ಣೊರೆಸಿಕೊಂಡು ಎದ್ದು ಅವರ ಹೆಗಲ ಮೇಲಿಂದ ನೋಡಿದಳು.

"ಇದು ನೀನು ಟೈಪ್ ಮಾಡಿದ್ದನ್ನ ನನ್ನ ಫೋನಿಗೆ ಕಳಿಸ್ತೀಯಲ್ಲ, ಆಗ ಬರೋ ಕಸ ಅಲ್ವಾ?" ಎಂದಳು ನನಗೆ.

ಬಗ್ಗಿ ನೋಡಿದೆ. ತಲೆ ಮೇಲೆ ಚುಕ್ಕೆ, ಗೀಟು ಹೊತ್ತ ಪರದೇಶಿ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು. ನಮ್ಮ ಹಳೆಯ ಟೈಪಿಂಗ್ ಪ್ರೋಗ್ರಾಮು ನಮ್ಮ ಅಕ್ಷರವನ್ನು ಅಕ್ಷರವಾಗಿ ಇಟ್ಟುಕೊಳ್ಳುವುದೇ ಇಲ್ಲ. ಒಳಗೆ ಪರದೇಶಿ ಅಕ್ಷರಗಳನ್ನಿಟ್ಟು, ಮೇಲೆ ನಮ್ಮ ಫಾಂಟಿನ ಅಂಗಿ ತೊಡಿಸುತ್ತದೆ. ಆ ಫಾಂಟು ಇಲ್ಲದ ಕಡೆ ಅಂಗಿ ಕಳಚಿ ಬೀಳುತ್ತದೆ. ಪೌಂಡಿನ ಗುರುತು ಎಂದರೆ 'ನ'. ಭಾವ ಹೊಸ ಪದ್ಧತಿಯ ಅಕ್ಷರ ಹುಡುಕಿದ್ದರು. ಸಿಗುವುದಾದರೂ ಎಲ್ಲಿಂದ?

"ನೀನು ಹೇಳ್ಬೇಕಲ್ವಾ?" ಎಂದರು ಭಾವ.

"ನೀವು ಕೇಳ್ಬೇಕಲ್ವಾ?" ಎಂದೆ ನಾನು.

"ಇಬ್ರೂ ಸ್ವಲ್ಪ ಬಾಯಿ ಮುಚ್ಕೊಳ್ತೀರಾ?" ಎಂದಳು ಅಕ್ಕ.

ಆ ಸಂಜೆ ಭಾವ ಮೇಲಿನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಮರುದಿನ ಪುಟಗಳನ್ನು ಪ್ರಿಂಟ್ ತೆಗೆದು ತಂದರು. ಎಲ್ಲ ಇತ್ತು, ಕೊನೆಯ 'ಮೈಕು, ಚಮಚ' ಸಮೇತ. ನಡುವೆ ಒಂದು ಕಡೆ ಎರಡು ಪ್ಯಾರಾಗಳ ಮಧ್ಯೆ ಬಿಳಿ ಜಾಗ ಬಿಟ್ಟಿದ್ದರು.

"ಇಲ್ಲೇನಿತ್ತು?"

"ಅತ್ತೆ ಅಳಿಸು ಅಂದಿದ್ದು."

"ಏನಂತ?"

"ಅಳಿಸು ಅಂದಿದ್ರು."

"ನಾನೇ ಟೈಪ್ ಮಾಡಿದ್ದು, ನನಗೆ ಹೇಳೋಕೇನು? ನಿಮ್ಮನ್ನೇ ಏನೋ ಬೈದಿರ್ತಾಳೆ, ಅಷ್ಟೇ ತಾನೇ? ಬೇಜಾರು ಮಾಡ್ಕೊಳ್ಬೇಡಿ ಬಿಡಿ."

"ನಾನು ಓದಿಲ್ಲ" ಎಂದು ಕನ್ನಡಕ ಒರೆಸಿಕೊಂಡರು. ಓದದೆ ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ಹೇಗೆ ಗೊತ್ತಾಯಿತೋ! ಸುಳ್ಳು ಹೇಳಲು ಬಾರದ ಮನುಷ್ಯ ಸುಳ್ಳು ಹೇಳಿದರೆ ಮೈ ಉರಿಯುತ್ತದೆ.

ಆದರೆ ಬೇಕಾದದ್ದು ಸಿಕ್ಕಿತ್ತು. ಅಮ್ಮ ಹುಡುಗಿಯಾಗಿದ್ದಾಗ ಅವರ ಬೀದಿಗೆ ಚಾಕು ಸಾಣೆ ಹಿಡಿಯುವವನೊಬ್ಬ ಬರುತ್ತಿದ್ದನಂತೆ. ಅಮ್ಮನಿಗೆ 'ನೀರು' ಎನ್ನಲು ಬಾರದಿದ್ದರೂ ಅವನ ಕೂಗನ್ನು ಮಾತ್ರ ಅವನ ಹಾಗೇ ಕೂಗಲು ಬರುತ್ತಿತ್ತಂತೆ: "ಚಾ-ಕೂ... ಕ-ತ್ರೀ... ಸಾ-ಣೇ..." ಕೂಗಿನಲ್ಲಿ ಬರುವುದು ಮಾತಿನಲ್ಲಿ ಏಕೆ ಬಾರದು ಎಂದು, ಎಡಗೈಯಲ್ಲಿ ತೊಡೆ ತಟ್ಟುತ್ತಾ, ಒಂದೊಂದು ತಟ್ಟಿಗೆ ಒಂದೊಂದು ಅಕ್ಷರ, ಎಲ್ಲ ಮಾತನ್ನೂ ಆ ರಾಗದಲ್ಲೇ ಕೂಗಿ ಕಲಿತಳಂತೆ. ಬಸ್ಸು ಕೂಗುವ ಧಾಟಿಯೂ ಅಲ್ಲಿಂದಲೇ ಬಂದದ್ದಂತೆ. ಮೇಡಂ ಓದಿ, "ನಾವು ಪುಸ್ತಕ ಓದಿ ಕಲ್ತಿದ್ದು ಹೆಚ್ಚುಕಡಿಮೆ ಇದೇ. ರಾಗ ಹಿಡಿದು, ಎಡಗೈ ತಟ್ಟಿಸಿ ಹೇಳಿಸ್ತೀವಿ. ಆದ್ರೆ ನಮ್ಮ ರಾಗ ಇವ್ರಿಗೆ ಹಿಡಿಸ್ತಿರಲಿಲ್ಲ" ಎಂದರು. ಬೆಕ್ಕಿನ ಚಿತ್ರ ಮಡಚಿ ಚೀಲಕ್ಕೆ ಹಾಕಿ, ಅಮ್ಮನ ಎಡಗೈ ಹಿಡಿದು ಮಂಚದ ಅಂಚಿಗೆ ತಟ್ಟಿಸುತ್ತಾ, ಸಾಣೆಯವನ ರಾಗ ಎತ್ತಿದರು. ಅಮ್ಮ ಅವರನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. ಆದರೆ ಮುಖ ತಿರುಗಿಸಲಿಲ್ಲ.

ಎಷ್ಟೋ ದಿನ ಬರೀ ತಟ್ಟುವುದಾಯಿತು. ಆಮೇಲೆ ಗೊಗ್ಗರು ಸ್ವರ, ಆಮೇಲೆ 'ಚಾ'. ನಾವೆಲ್ಲ ಮನೆಯಲ್ಲಿ ಚಾಕು, ಕತ್ರಿ ಎಂದು ಕೂಗಿ ಕೂಗಿ ಎದುರು ಮನೆಯ ಸಿಪಾಯಿ ಒಮ್ಮೆ ನಿಜವಾಗಿಯೂ ಕತ್ತರಿ ಹಿಡಿದುಕೊಂಡು ಬಂದುಬಿಟ್ಟರು.

ಒಂದು ಬೆಳಗ್ಗೆ ಭಾವ ಎಂದಿನಂತೆ ಬಾಗಿಲು ತಟ್ಟಿ ಒಳಗೆ ಬಂದು ಕೂತಿದ್ದರು. ನಾನು ಅಮ್ಮನ ತಲೆ ಬಾಚುತ್ತಿದ್ದೆ. ಅಮ್ಮ ಅವರ ಕಡೆ ನೋಡಿ, ಎಡಗೈ ತಟ್ಟುತ್ತಾ, ಒಂದೊಂದೇ ಅಕ್ಷರ ಎಳೆದು ಎಳೆದು ಹೊರಗೆ ಹಾಕಿದಳು. "ಅ... ಳಿ... ಸಿ... ದ್ದು?"

ನನ್ನ ಕೈಯ ಬಾಚಣಿಗೆ ನಿಂತಿತು.

"ಹೋಯ್ತು ಅತ್ತೆ," ಎಂದರು ಭಾವ. "ಯಾರೂ ಓದಿಲ್ಲ."

ಅಮ್ಮ ಅವರನ್ನೇ ನೋಡಿದಳು. ಕೈ ಎರಡು ಸಲ ತಟ್ಟಿತು. "ಸು-ಳ್ಳು."

ಅಷ್ಟು ಸ್ಪಷ್ಟವಾದ ಪದ ಅವಳ ಬಾಯಿಂದ ಆ ತನಕ ಬಂದಿರಲಿಲ್ಲ. ನಾನು ನಗುತ್ತಲೇ ಅತ್ತುಬಿಟ್ಟೆ. ಭಾವ ತಲೆ ತಗ್ಗಿಸಿದರು. ಅಮ್ಮ ನನ್ನ ಕೈ ಹಿಡಿದು, ಮತ್ತೆ ಅವರ ಕಡೆ ನೋಡಿ ತಟ್ಟಿದಳು. "ಇ-ರ್ಲಿ."

"ಹೋಗ್ಲಿ ಬಿಡಿ ಅಂತಿದ್ದಾಳೆ ಭಾವ" ಎಂದೆ.

"ಅಲ್ಲ," ಎಂದರು ಭಾವ. "ಅಳಿಸಿದ್ದು ಇರ್ಲಿ, ನೀನೂ ಓದು ಅಂತಿದ್ದಾರೆ. ಅಲ್ವಾ ಅತ್ತೆ?"

ಅಮ್ಮ ತಲೆಯಾಡಿಸಿದಳು. ಭಾವ ಮೇಲೆ ಹೋಗಿ ಒಂದು ಹಾಳೆ ತಂದು ನನಗೆ ಕೊಟ್ಟರು. ಓದುವ ಮುಂಚೆ ಕೂತ್ಕೋ ಎಂದರು. ನಾನು ಕೂರಲಿಲ್ಲ. ನಾಲ್ಕೇ ಸಾಲು ಇತ್ತು.

'ನನ್ನ ಮಾತನ್ನ ಪೂರ್ತಿ ಕೇಳೋದು ಈ ಮನೇಲಿ ಅಳಿಯಂದ್ರೊಬ್ಬರೇ. ದೊಡ್ಡವಳಿಗೆ ಪುರುಸೊತ್ತಿಲ್ಲ. ಚಿಕ್ಕವಳು ಪಕ್ಕದಲ್ಲೇ ಕೂತಿರ್ತಾಳೆ, ಟೈಪ್ ಮಾಡ್ತಾಳೆ, ಒಂದಕ್ಷರಾನೂ ಕೇಳಿಸ್ಕೊಳ್ಳಲ್ಲ. ಇದನ್ನೂ ಕೇಳಿಸ್ಕೊಂಡಿಲ್ಲ ನೋಡು. ಅಯ್ಯೋ, ಹೊಡೀತಾನೇ ಇದಾಳಲ್ಲ. ಅಳಿಸು, ಅಳಿಸು ಅದನ್ನ.'

ಅಳಿಸು ಎಂದದ್ದನ್ನೂ ಟೈಪ್ ಮಾಡಿ, ಆಮೇಲೆ ಎಲ್ಲ ಸೇರಿಸಿ ಅಳಿಸಿದ್ದೆ.

ಸಿಟ್ಟು ಬಂತು. ಇಷ್ಟು ದಿನ ಇದನ್ನು ನನ್ನಿಂದ ಬಚ್ಚಿಟ್ಟು, ನನ್ನ ಬೈಗುಳವನ್ನೆಲ್ಲ ಬಾಯಿ ಮುಚ್ಚಿಕೊಂಡು ತಿಂದ ಭಾವನ ಮೇಲೆ ಬಂತು. ಯಾರ ಮೇಲೆ ಬಂದರೇನು, ತೀರಿಸಿಕೊಳ್ಳುವುದಕ್ಕೆ ಒಬ್ಬರೂ ಎದುರಾಡುವವರಿರಲಿಲ್ಲ. ಅಷ್ಟರಲ್ಲಿ ಅಮ್ಮನ ಕೈ ಮತ್ತೆ ಮಂಚದ ಅಂಚಿಗೆ ತಟ್ಟಲು ಶುರು ಮಾಡಿತು. ಏನೋ ಹೇಳಲು ಹೊರಟಿದ್ದಳು, ಮೊದಲ ಅಕ್ಷರವೇ ಇನ್ನೂ ಬಂದಿರಲಿಲ್ಲ. ಅವಳ ಒಂದು ಮಾತು ಮುಗಿಯುವಷ್ಟರಲ್ಲಿ ನಾನು ಅರ್ಧ ಪುಟ ಹೊಡೆದು ಮುಗಿಸುತ್ತೇನೆ. ಬಾಚಣಿಗೆ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು, ಅವಳ ಬಾಯಿ ನೋಡುತ್ತಾ ಕೂತೆ.